ಭಾವನ ಪಿಕಪ್‌ಗೆ ಯಾವ ಎಂಜಿನ್?

ತೀರ್ಥಹಳ್ಳಿಯ ನಮ್ಮ ಭಾವ ಹಳೇ ಪಿಕಪ್ ಕೊಟ್ಟು ಹೊಸದು ತಗೊಳ್ಳಲು ಹೊರಟಿದ್ದಾರೆ. "ಡೀಸೆಲ್ಲೋ ಪೆಟ್ರೋಲೋ, ಒಂದು ಮಾತಲ್ಲಿ ಹೇಳು ಮಾರಾಯ" ಎಂದು ಫೋನ್ ಮಾಡಿದರು. ಹತ್ತು ವರ್ಷದ ಹಿಂದೆ ಕೇಳಿದ್ದರೆ ಒಂದೇ ಮಾತಲ್ಲಿ ಹೇಳಿಬಿಡುತ್ತಿದ್ದೆ. ಮಲೆನಾಡಲ್ಲಿ ಲೋಡ್ ಹೊರುವ ಗಾಡಿ ಅಂದರೆ ಡೀಸೆಲ್ಲೇ.

ಸೈಕಲ್‌ಗೆ ಗಾಳಿ ಹೊಡೆದವರಿಗೆ ಡೀಸೆಲ್ ಎಂಜಿನ್ ಅರ್ಧ ಗೊತ್ತಿದ್ದ ಹಾಗೆ. ಇಪ್ಪತ್ತು ಸಲ ಒತ್ತಿ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು 16-18ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಗಾಳಿ ಕಾದು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಡೀಸೆಲ್ ಚಿಮ್ಮಿಸಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ಕಿಡಿ ಹಾರಿಸಲು ಪ್ಲಗ್ ಬೇಡ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ್ದು ಇಂಥ ಎಂಜಿನ್ನನ್ನೇ.

ಪೆಟ್ರೋಲಿಗೆ ಇಷ್ಟು ಒತ್ತಡ ಆಗಿಬರುವುದಿಲ್ಲ. ಅದು ಮೊದಲೇ ಗಾಳಿಯ ಜೊತೆ ಬೆರೆತಿರುತ್ತದೆ. ಜಾಸ್ತಿ ಒತ್ತಿದರೆ ಪ್ಲಗ್ಗಿನ ಉರಿ ತಲುಪುವ ಮುಂಚೆಯೇ ಎಲ್ಲೋ ಮೂಲೆಯಲ್ಲಿ ತಾನೇ ಹೊತ್ತಿ ಟಣಟಣ ಬಡಿಯುತ್ತದೆ. ಅದಕ್ಕೇ ಸುಮಾರು 10-11ರಲ್ಲಿ ಒಂದು ಪಾಲಿಗೆ ನಿಲ್ಲಿಸುತ್ತಾರೆ.

ಎಚ್‌ಪಿ ನೋಡಿ ಗಾಡಿ ಆರಿಸುವವರು ಮೋಸ ಹೋಗುವುದು ಇಲ್ಲೇ. 2.5 ಲೀಟರಿನ ಡೀಸೆಲ್ ಪಿಕಪ್, 1.2 ಲೀಟರಿನ ಚಿಕ್ಕ ಪೆಟ್ರೋಲ್ ಗಾಡಿ ಎರಡಕ್ಕೂ ಎಚ್‌ಪಿ 75ರ ಆಸುಪಾಸು. ಆದರೆ ಚಕ್ರ ತಿರುಗಿಸುವ ಬಲ, ಅಂದರೆ ಟಾರ್ಕ್, ಮೊದಲನೆಯದಕ್ಕೆ 200 ನ್ಯೂಟನ್ ಮೀಟರ್ ಹತ್ತಿರ, ಎರಡನೆಯದಕ್ಕೆ 100ರ ಹತ್ತಿರ. ಅದೂ ಡೀಸೆಲ್ಲಿಗೆ ನಿಮಿಷಕ್ಕೆ 1400 ಸುತ್ತಿನಲ್ಲೇ ಸಿಗುತ್ತದೆ, ಪೆಟ್ರೋಲಿಗೆ ಅದರ ಎರಡರಷ್ಟು ಬೇಕು. ಸೋಮೇಶ್ವರದಿಂದ ಆಗುಂಬೆ ಘಾಟಿ ಏರುವಾಗ ತಿರುವಿನಲ್ಲಿ ಎದುರು ಬಸ್ಸು ಬಂದು, ಲೋಡ್ ಗಾಡಿ ನಿಂತು ಮತ್ತೆ ಹೊರಡಬೇಕು ಅಲ್ವಾ? ಆಗ ಬೇಕಾದ್ದು ಈ ತಳದ ಎಳೆತ. ಪೆಟ್ರೋಲ್ ಗಾಡಿಯೂ ಏರುತ್ತದೆ, ಆದರೆ ಫಸ್ಟ್ ಗೇರಿನಲ್ಲಿ ಕಿರುಚುತ್ತಾ, ಕ್ಲಚ್ ಸುಟ್ಟ ವಾಸನೆಯ ಜೊತೆ. ಮೈಲೇಜಿನಲ್ಲೂ ಡೀಸೆಲ್ಲೇ ಮುಂದು. ಒಂದು ಲೀಟರಿನಲ್ಲಿ ಇರುವ ಶಕ್ತಿಯೇ ಶೇ. 10ರಷ್ಟು ಜಾಸ್ತಿ.

ಹಾಗಾದರೆ ಯೋಚನೆ ಏನು? 2020ರ ಏಪ್ರಿಲ್‌ನಲ್ಲಿ ಗಾಡಿಯ ಹೊಗೆಗೆ ಬಿಎಸ್-6 ಎಂಬ ಬಿಗಿ ನಿಯಮ ಬಂತು. ಡೀಸೆಲ್ ಗಾಡಿಯ ಹೊಗೆ ಹೋಗುವ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಬಂದು ಕೂತಿತು. ಮಸಿಯನ್ನು ಹಿಡಿದಿಡುವುದು ಅದರ ಕೆಲಸ. ತುಂಬಿದ ಮಸಿಯನ್ನು ಗಾಡಿ ಅಲ್ಲೇ ಸುಟ್ಟುಕೊಳ್ಳಬೇಕು. ಅದಕ್ಕೆ 600 ಡಿಗ್ರಿ ಹತ್ತಿರದ ಬಿಸಿ ಬೇಕು, ಇಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ಭಾವನ ಗಾಡಿಯ ದಿನಚರಿ ನೋಡಿ: ತೋಟದಿಂದ ಅಂಗಳಕ್ಕೆ ಹಸಿ ಅಡಿಕೆ ಕೊನೆ, ಅಂಗಳದಿಂದ ಡೈರಿಗೆ ಹಾಲು. ಎಂಜಿನ್ ಕಾಯುವಷ್ಟರಲ್ಲಿ ಆಫ್.

ನನ್ನ ಡೀಸೆಲ್ ಕಾರಿಗೆ ಹೀಗೇ ಆಗಿತ್ತು. ಡಿಪಿಎಫ್ ಲೈಟ್ ಹತ್ತಿತು, ಸುಮ್ನೆ ಬಿಟ್ಟೆ. ಒಂದು ದಿನ ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಇಳಿಯುವ ಬದಲು ಏರಿದೆ! ಮಸಿ ಸುಡಲೆಂದು ಎಂಜಿನ್ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್, ಪ್ರತಿ ಸಲ ನಾನು ಅರ್ಧಕ್ಕೇ ಆಫ್ ಮಾಡಿದ್ದರಿಂದ, ಮೆಲ್ಲಗೆ ಆಯಿಲ್ಲಿಗೆ ಇಳಿದಿತ್ತು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

"ಶಿವಮೊಗ್ಗದ ಮಂಡಿಗೆ ಎಷ್ಟು ಸಲ ಹೋಗ್ತೀರಿ?" ಎಂದು ಕೇಳಿದೆ. ಸುಗ್ಗಿಯಲ್ಲಿ ವಾರಕ್ಕೆ ಎರಡು ಸಲವಂತೆ, ಟನ್ನಿನ ಮೇಲೆ ಲೋಡ್. ಹಾಗಿದ್ದರೆ ಡೀಸೆಲ್ಲೇ ಇರಲಿ ಎಂದೆ. ಬರೀ ತೋಟ, ಡೈರಿ, ಅರ್ಧ ಟನ್ ಗೊಬ್ಬರ ಅಂದಿದ್ದರೆ ಪೆಟ್ರೋಲ್ ಹೇಳುತ್ತಿದ್ದೆ.

"ಮಳೆಗಾಲದಲ್ಲಿ ಮಂಡಿ ಕಡೆ ಹೋಗೋದೇ ಇಲ್ವಲ್ಲ?" ಎಂದರು. ಲೈಟ್ ಹತ್ತಿದ ದಿನ ಆಫ್ ಮಾಡಬೇಡಿ, ಅಕ್ಕನನ್ನು ಕೂರಿಸಿಕೊಂಡು ಮಂಡಗದ್ದೆ ಪಕ್ಷಿಧಾಮದ ತನಕ ಹೋಗಿ ಬನ್ನಿ, ಹಕ್ಕಿ ನೋಡಿದ ಹಾಗೂ ಆಯ್ತು ಎಂದೆ.