ನೆಟ್‌ವರ್ಕಿನೊಳಗೆ ಯಾರಿದ್ದಾರೆ? ಎನ್‌ಎಸಿ ನಡೆದುಬಂದ ದಾರಿ

2003ರ ಜನವರಿ 25ರಂದು ಅಂತರ್ಜಾಲದಲ್ಲಿ ಹಬ್ಬಿದ ಸ್ಲ್ಯಾಮರ್ ವರ್ಮಿನ (ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ದುಷ್ಟ ಪ್ರೋಗ್ರಾಮಿನ) ಗಾತ್ರ ಬರೀ 376 ಬೈಟ್. ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರಿನ ಒಂದು ದೋಷವನ್ನು ಹಿಡಿದು ಹೊರಟ ಅದು, ತುತ್ತಾಗಬಲ್ಲ ಯಂತ್ರಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಹತ್ತು ನಿಮಿಷದಲ್ಲಿ ಮುಟ್ಟಿತು. ಅದಕ್ಕೆ ಬೇಕಾದ ಪ್ಯಾಚನ್ನು, ಅಂದರೆ ದೋಷ ಸರಿಪಡಿಸುವ ತಿದ್ದುಪಡಿಯನ್ನು, ಮೈಕ್ರೋಸಾಫ್ಟ್ 2002ರ ಜುಲೈಯಲ್ಲೇ ಕೊಟ್ಟಿತ್ತು. ಅಮೆರಿಕದ ಒಹಾಯೊದಲ್ಲಿರುವ ಡೇವಿಸ್-ಬೆಸ್ಸಿ ಅಣುವಿದ್ಯುತ್ ಸ್ಥಾವರದಲ್ಲಿ ಹೊರಗಿನಿಂದ ಬೇಡದ್ದು ಬರದಂತೆ ತಡೆಯುವ ಫೈರ್‌ವಾಲ್ ಕೂಡ ಸರಿಯಾಗಿಯೇ ಇತ್ತು. ಆದರೆ ಗುತ್ತಿಗೆದಾರರೊಬ್ಬರ ಜಾಲದಿಂದ ಬಂದ ಟಿ1 ಲೈನ್ (ಒಂದು ಬಗೆಯ ಡೇಟಾ ಸಂಪರ್ಕ) ಆ ಫೈರ್‌ವಾಲಿನ ಹಿಂದೆ ಸೇರಿಕೊಂಡಿತ್ತು; ವರ್ಮ್ ಬಂದದ್ದು ಅದರ ಮೂಲಕ. ಸುರಕ್ಷತಾ ಮಾಹಿತಿ ತೋರಿಸುವ ವ್ಯವಸ್ಥೆ ಸುಮಾರು ಐದು ಗಂಟೆ ಕೆಲಸ ಮಾಡಲಿಲ್ಲ. ಸ್ಥಾವರ ಆಗ ಉತ್ಪಾದನೆ ನಿಲ್ಲಿಸಿದ್ದರಿಂದ ಅಪಾಯ ತಪ್ಪಿತು.

ಅದೇ ವರ್ಷ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಇನ್ನೊಂದು ವರ್ಮ್ ಬಂತು. ಮನೆಯಲ್ಲಿ ಸೋಂಕು ತಗುಲಿದ ಲ್ಯಾಪ್‌ಟಾಪನ್ನು ಬೆಳಗ್ಗೆ ಆಫೀಸಿನ ಗೋಡೆಯ ಪೋರ್ಟಿಗೆ ಚುಚ್ಚಿದರೆ ಸಾಕು, ಫೈರ್‌ವಾಲಿಗೆ ಏನೂ ತಿಳಿಯದೆ ಇಡೀ ಕಟ್ಟಡಕ್ಕೆ ಸೋಂಕು ಹರಡುತ್ತಿತ್ತು. ಜಾಲಕ್ಕೆ ಯಾವ ಯಂತ್ರ ಸೇರಬಹುದೆಂದು ತೀರ್ಮಾನಿಸುವ ನೆಟ್‌ವರ್ಕ್ ಆಕ್ಸೆಸ್ ಕಂಟ್ರೋಲ್, ಅಂದರೆ ಎನ್‌ಎಸಿ, ಮಾರುಕಟ್ಟೆಗೆ ಬಂದದ್ದು ಈ ಭಯದಿಂದ.

ಅದಕ್ಕೆ ಬೇಕಾದ ಬುನಾದಿ ಅಷ್ಟರಲ್ಲೇ ಸಿದ್ಧವಿತ್ತು. 2001ರಲ್ಲಿ ಒಪ್ಪಿಗೆ ಪಡೆದ 802.1ಎಕ್ಸ್ ಮಾನಕದಲ್ಲಿ ಮೂರು ಪಾತ್ರಗಳಿವೆ: ಒಳಬರಲು ಕೇಳುವ ಯಂತ್ರ, ಅದನ್ನು ಪೋರ್ಟಿನಲ್ಲೇ ತಡೆದು ನಿಲ್ಲಿಸುವ ಸ್ವಿಚ್ ಅಥವಾ ವೈಫೈ ಆಕ್ಸೆಸ್ ಪಾಯಿಂಟ್, ಮತ್ತು ತೀರ್ಮಾನ ಹೇಳುವ ರೇಡಿಯಸ್ ಸರ್ವರ್. ವೈಫೈನಲ್ಲಿ ಇದು ಬೇಗ ಬೇರೂರಿತು, ಏಕೆಂದರೆ ಹಳೆಯ ವೆಪ್ ಗೂಢಲಿಪಿ 2001ರಲ್ಲೇ ಮುರಿದುಬಿದ್ದು ಬೇರೆ ದಾರಿ ಇರಲಿಲ್ಲ. ತಂತಿಯ ಜಾಲದಲ್ಲಿ ಮಾತ್ರ ವರ್ಷಗಟ್ಟಲೆ ಹಿಂದೆ ಉಳಿಯಿತು. ಅಲ್ಲಿ ಪ್ರಿಂಟರ್, ಕ್ಯಾಮೆರಾ, ಹಾಜರಾತಿ ಯಂತ್ರಗಳಿದ್ದವು. ಅವುಗಳಲ್ಲಿ ಹೆಚ್ಚಿನವಕ್ಕೆ 802.1ಎಕ್ಸ್ ಮಾತನಾಡಲು ಬರುತ್ತಿರಲಿಲ್ಲ.

2003ರ ನವೆಂಬರಿನಲ್ಲಿ ಸಿಸ್ಕೊ ತನ್ನ ಎನ್‌ಎಸಿ ಯೋಜನೆಯನ್ನು ಪ್ರಕಟಿಸಿತು. ಮರುವರ್ಷ ಮೈಕ್ರೋಸಾಫ್ಟ್ ಇಂಥದೇ ಎನ್‌ಎಪಿಯನ್ನು (ನೆಟ್‌ವರ್ಕ್ ಆಕ್ಸೆಸ್ ಪ್ರೊಟೆಕ್ಷನ್) ಘೋಷಿಸಿತು. ಅದು ಕೈಗೆ ಸಿಕ್ಕದ್ದು ವಿಂಡೋಸ್ ಸರ್ವರ್ 2008ರ ಜೊತೆ. ಇವೆರಡರ ಮುಖ್ಯ ಪ್ರಶ್ನೆ ಒಂದೇ: ಈ ಯಂತ್ರ ಆರೋಗ್ಯವಾಗಿದೆಯೆ? ಆಂಟಿವೈರಸ್ ಹೊಸದೆ, ಫೈರ್‌ವಾಲ್ ಆನ್ ಇದೆಯೆ, ಪ್ಯಾಚ್ ಹಾಕಿದೆಯೆ? ಉತ್ತರ ಹೇಳುವುದು ಆ ಯಂತ್ರವೇ ಆದ್ದರಿಂದ, ಸುಳ್ಳು ಹೇಳುವ ಯಂತ್ರವನ್ನು ಹಿಡಿಯಲು ಆಗುತ್ತಿರಲಿಲ್ಲ. ಎನ್‌ಎಪಿ ದುರುದ್ದೇಶದವರನ್ನು ತಡೆಯಲು ಮಾಡಿದ್ದಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಬರೆದಿತ್ತು. ಸರ್ವರ್ 2012 ಆರ್2ರಲ್ಲಿ ಎನ್‌ಎಪಿಯನ್ನು ಹಳತೆಂದು ಬದಿಗಿಟ್ಟರು, ವಿಂಡೋಸ್ 10ರಲ್ಲಿ ತೆಗೆದೇಬಿಟ್ಟರು.

2010ರ ನಂತರ ಐಪ್ಯಾಡ್, ಸ್ವಂತ ಫೋನ್, ಅತಿಥಿಗಳ ಲ್ಯಾಪ್‌ಟಾಪ್ ಆಫೀಸಿಗೆ ಬಂದವು. ಪ್ರಶ್ನೆ ಬದಲಾಯಿತು: ಇದು ಯಾರದು, ಏನಿದು, ಎಲ್ಲಿಯವರೆಗೆ ಬಿಡಬೇಕು? 2011ರಲ್ಲಿ ಸಿಸ್ಕೊದ ಹೊಸ ಎನ್‌ಎಸಿ ತಂತ್ರಾಂಶ ಐಎಸ್‌ಇ ಬಂತು. ಅದೇ ವರ್ಷ ಅರೂಬಾ ಕಂಪನಿ ಅವೆಂಡಾವನ್ನು ಕೊಂಡು ಇಂಥದೇ ಕ್ಲಿಯರ್‌ಪಾಸ್ ಕಟ್ಟಿತು. ಬ್ರಾಡ್‌ಫರ್ಡ್ ನೆಟ್‌ವರ್ಕ್ಸ್ 2018ರಲ್ಲಿ ಫೋರ್ಟಿನೆಟ್ ಸೇರಿ ಫೋರ್ಟಿಎನ್‌ಎಸಿ ಆಯಿತು. ಮುಕ್ತ ತಂತ್ರಾಂಶವಾದ ಪ್ಯಾಕೆಟ್‌ಫೆನ್ಸ್ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ.

ಇಷ್ಟೆಲ್ಲ ಬಂದ ಮೇಲೂ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ 2018ರ ಏಪ್ರಿಲಿನಲ್ಲಿ ಒಂದು ದಾಳಿ ಬೆಳಕಿಗೆ ಬಂತು. ಅನುಮತಿಯಿಲ್ಲದೆ ಜಾಲಕ್ಕೆ ಸೇರಿಸಿದ್ದ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಹಲಗೆಯ ಮೂಲಕ ದಾಳಿಕೋರರು ಒಳಹೊಕ್ಕಿದ್ದರು. ಸುಮಾರು 500 ಎಂಬಿ ಮಾಹಿತಿ ಹೋಯಿತು. ಮರುವರ್ಷ ಪ್ರಕಟವಾದ ತಪಾಸಣಾ ವರದಿ ಎತ್ತಿ ತೋರಿಸಿದ ಕೊರತೆಗಳಲ್ಲಿ ಮುಖ್ಯವಾದದ್ದು, ಜಾಲದಲ್ಲಿ ಏನೇನಿದೆ ಎಂಬ ಪಟ್ಟಿಯೇ ಅಪೂರ್ಣವಾಗಿತ್ತು ಎಂಬುದು. ನಮ್ಮ ಅಭಿಪ್ರಾಯದಲ್ಲಿ ಎನ್‌ಎಸಿ ಯೋಜನೆಗಳು ಸೋಲುವುದು ಇಲ್ಲಿಯೇ. ಸಾಫ್ಟ್‌ವೇರ್ ಯಾವುದೇ ಇರಲಿ, ನಿಯಮಕ್ಕೆ ಒಗ್ಗದ ಸಾಧನಗಳ ಪಟ್ಟಿಯನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದೇ ನಿರ್ಣಾಯಕ.

ಹಾಗಾಗಿ ಆಯ್ಕೆಗೆ ಕೂರುವ ಮೊದಲು ಮೂರು ವಿಷಯ ತಿಳಿದಿರಲಿ. ಮೊದಲನೆಯದು ಸ್ವಿಚ್‌ಗಳು: ಪ್ರತಿಯೊಂದು ಮಾದರಿಯೂ 802.1ಎಕ್ಸ್, ಮ್ಯಾಕ್ ವಿಳಾಸದ (ಸಾಧನದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಯ) ಮೂಲಕ ಪ್ರವೇಶ, ರೇಡಿಯಸ್ ಹೇಳಿದಂತೆ ವಿಲ್ಯಾನ್ (ಜಾಲದೊಳಗಿನ ಪ್ರತ್ಯೇಕ ವಿಭಾಗ) ಬದಲಿಸುವುದು, ಮತ್ತು ನಡೆಯುತ್ತಿರುವ ಸಂಪರ್ಕವನ್ನು ನಡುವೆಯೇ ಬದಲಿಸುವ ಸಿಒಎ ಆದೇಶ, ಈ ನಾಲ್ಕನ್ನೂ ಬಲ್ಲುದೆ? ಸಿಒಎಗೆ ಮಾನಕದ ಪೋರ್ಟ್ (ಇಲ್ಲಿ ಗೋಡೆಯದಲ್ಲ, ಸಂದೇಶ ಬರುವ ಬಾಗಿಲಿನ ಸಂಖ್ಯೆ) ಯುಡಿಪಿ 3799, ಸಿಸ್ಕೊ ಸ್ವಿಚ್‌ಗಳಲ್ಲಿ 1700. ನಡುವಿನ ಫೈರ್‌ವಾಲಿನಲ್ಲಿ ಇದನ್ನು ತೆರೆಯಲು ಮರೆಯುವುದು ಸಾಮಾನ್ಯ. ಮೇಜಿನ ಕೆಳಗೆ ಯಾರೋ ಇಟ್ಟ ಅಗ್ಗದ ಎಂಟು ಪೋರ್ಟಿನ ಸ್ವಿಚ್‌ಗಳನ್ನೂ ಹುಡುಕಿ ತೆಗೆಯಬೇಕು.

ಎರಡನೆಯದು ಗುರುತು ಎಲ್ಲಿದೆ ಎಂಬುದು. ನೌಕರರ ಖಾತೆಗಳೆಲ್ಲ ಆಫೀಸಿನ ಆಕ್ಟಿವ್ ಡೈರೆಕ್ಟರಿಯಲ್ಲಿದ್ದರೆ (ಮೈಕ್ರೋಸಾಫ್ಟಿನ ಖಾತೆ ವ್ಯವಸ್ಥೆ) ಪಾಸ್‌ವರ್ಡ್ ಆಧಾರಿತ ಪೀಪ್ ವಿಧಾನ ಸುಲಭವಾಗಿ ಕಾಣುತ್ತದೆ. ಆದರೆ ಅದರೊಳಗೆ ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್-ಚಾಪ್ ವಿ2 2012ರಲ್ಲೇ ಮುರಿದಿದೆ. ವಿಂಡೋಸ್ 11ರ 22ಎಚ್2 ಆವೃತ್ತಿಯ ಎಂಟರ್‌ಪ್ರೈಸ್ ಯಂತ್ರಗಳಲ್ಲಿ ಲಾಗಿನ್ ಗುಟ್ಟುಗಳನ್ನು ಕಾಯುವ ಕ್ರೆಡೆನ್ಷಿಯಲ್ ಗಾರ್ಡ್ ತಾನಾಗಿ ಆನ್ ಆಗುವುದರಿಂದ, ಲಾಗಿನ್ ಪಾಸ್‌ವರ್ಡನ್ನೇ ವೈಫೈಗೂ ಬಳಸುತ್ತಿದ್ದ ಕಡೆ ಸಂಪರ್ಕ ನಿಂತುಹೋಯಿತು. ಖಾತೆಗಳು ಮೈಕ್ರೋಸಾಫ್ಟಿನ ಕ್ಲೌಡ್ ವ್ಯವಸ್ಥೆಯಾದ ಎಂಟ್ರಾ ಐಡಿಯಲ್ಲಿ ಮಾತ್ರ ಇದ್ದರಂತೂ ಪೀಪ್ ನಡೆಯುವುದೇ ಇಲ್ಲ. ಹೊಸದಾಗಿ ಹಾಕುವವರು ಪ್ರತಿ ಯಂತ್ರಕ್ಕೂ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಕೊಡುವ ಇಎಪಿ-ಟಿಎಲ್‌ಎಸ್ ವಿಧಾನಕ್ಕೇ ಹೋಗಬೇಕು. ಅದನ್ನು ಹಂಚಲು, ಯಂತ್ರಗಳನ್ನು ಒಂದೆಡೆಯಿಂದ ನಿರ್ವಹಿಸುವ ಗ್ರೂಪ್ ಪಾಲಿಸಿ ಅಥವಾ ಇನ್‌ಟ್ಯೂನ್‌ನಂಥ ವ್ಯವಸ್ಥೆ ಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಲೈಸೆನ್ಸ್. ಐಎಸ್‌ಇ ಎಣಿಸುವುದು ನೌಕರರನ್ನಲ್ಲ, ಏಕಕಾಲಕ್ಕೆ ನಡೆಯುತ್ತಿರುವ ಸಂಪರ್ಕಗಳನ್ನು. 200 ಜನರ ಕಚೇರಿಯಲ್ಲಿ ಒಬ್ಬೊಬ್ಬರಿಗೆ ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್, ಒಂದು ಡೆಸ್ಕ್ ಫೋನ್ ಇದ್ದರೆ 600, ಜೊತೆಗೆ ಕ್ಯಾಮೆರಾ ಮತ್ತು ಪ್ರಿಂಟರುಗಳು. ಲಿನಕ್ಸ್ ಬಲ್ಲವರೊಬ್ಬರಿದ್ದರೆ ಸಣ್ಣ ಸಂಸ್ಥೆಗೆ ಪ್ಯಾಕೆಟ್‌ಫೆನ್ಸ್ ಸಾಕಾಗುತ್ತದೆ. ಇಲ್ಲದಿದ್ದರೆ ಉಚಿತವೆಂದು ಹಾಕಿದ್ದು ದುಬಾರಿಯಾಗುತ್ತದೆ.

ಇನ್ನು ಅಳವಡಿಕೆ. ಮೊದಲ ಒಂದು ತಿಂಗಳು ಏನನ್ನೂ ತಡೆಯದೆ, ಗುರುತಿನ ಪರೀಕ್ಷೆ ಸೋತರೂ ಒಳಬಿಡುವ ಓಪನ್ ಮೋಡಿನಲ್ಲಿಟ್ಟು ಲಾಗ್ ಓದಬೇಕು. ತಿಂಗಳು ಏಕೆಂದರೆ ಸಂಬಳದ ದಿನ, ತಿಂಗಳ ಕೊನೆಯ ಲೆಕ್ಕದ ದಿನ ಮಾತ್ರ ಆನ್ ಆಗುವ ಯಂತ್ರಗಳಿರುತ್ತವೆ. ಆಮೇಲೆ ಒಂದು ಮಹಡಿ, ಅದರಲ್ಲೂ ಮೊದಲು ಐಟಿ ವಿಭಾಗದ ಮಹಡಿ.

ಈ ಹಂತದಲ್ಲಿ ಬರುವ ಮೊದಲ ದೂರು ಸಮಯದ್ದು. ಸಿಸ್ಕೊ ಸ್ವಿಚ್ 802.1ಎಕ್ಸ್ ಉತ್ತರಕ್ಕಾಗಿ 30 ಸೆಕೆಂಡಿನಂತೆ ಮೂರು ಸಲ, ಒಟ್ಟು 90 ಸೆಕೆಂಡು ಕಾದು ಆಮೇಲಷ್ಟೇ ಮ್ಯಾಕ್ ವಿಳಾಸ ನೋಡುತ್ತದೆ. ಅಷ್ಟರೊಳಗೆ ಪ್ರಿಂಟರ್ ಡಿಎಚ್‌ಸಿಪಿ ಮೂಲಕ ಐಪಿ ವಿಳಾಸ ಕೇಳಿ ಸೋತು, ಕೆಲಸಕ್ಕೆ ಬಾರದ 169.254ರ ವಿಳಾಸ ಹಾಕಿಕೊಂಡಿರುತ್ತದೆ. ಪ್ರತಿ ಸಲದ ಈ ಕಾಯುವ ಅವಧಿಯನ್ನು (ಟಿಎಕ್ಸ್-ಪೀರಿಯಡ್) 7ರಿಂದ 10 ಸೆಕೆಂಡಿಗೆ ಇಳಿಸಿದರೆ ಕಾಯುವಿಕೆ 21ರಿಂದ 30 ಸೆಕೆಂಡಾಗುತ್ತದೆ. ಇನ್ನೂ ಇಳಿಸಿದರೆ ನಿಧಾನವಾಗಿ ಬೂಟ್ ಆಗುವ ಲ್ಯಾಪ್‌ಟಾಪ್‌ಗಳೂ ಮ್ಯಾಕ್ ದಾರಿಗೆ ಜಾರುತ್ತವೆ.

ಎರಡನೆಯ ದೂರು ಶಾಖಾ ಕಚೇರಿಗಳದ್ದು: ಪೀಪ್ ನಡೆಯುತ್ತಿತ್ತು, ಸರ್ಟಿಫಿಕೇಟಿಗೆ ಬದಲಿಸಿದೊಡನೆ ನಿಂತಿತು. ಸರ್ಟಿಫಿಕೇಟ್ ಸರಪಳಿ ದೊಡ್ಡದಾದ್ದರಿಂದ ರೇಡಿಯಸ್ ಪ್ಯಾಕೆಟ್ 1500 ಬೈಟ್ ಮೀರಿ ತುಂಡಾಗುತ್ತದೆ. ದಾರಿಯ ಯಾವುದೋ ಫೈರ್‌ವಾಲ್ ಆ ತುಂಡುಗಳನ್ನು ಎಸೆಯುತ್ತದೆ. ಸರ್ವರಿನಲ್ಲಿ ಇಎಪಿ (ಗುರುತಿನ ಪರೀಕ್ಷೆಯ ಸಂದೇಶ) ತುಂಡಿನ ಗಾತ್ರವನ್ನು 1024 ಬೈಟಿಗೆ ಇಟ್ಟು, ಸ್ವಿಚ್ ಕಡೆಯಿಂದ ಬರುವ ಪ್ಯಾಕೆಟ್‌ಗಳನ್ನೂ ನೋಡಬೇಕು.

ಮ್ಯಾಕ್ ವಿಳಾಸ ನೋಡಿ ಒಳಬಿಡುವ ಸಾಧನಗಳ ಪಟ್ಟಿಯ ಬಗ್ಗೆ ಖಂಡಿತವಾಗಿ ಹೇಳಬೇಕು. ಮ್ಯಾಕ್ ವಿಳಾಸ ಗುಟ್ಟಲ್ಲ. ಪ್ರಿಂಟರಿನ ಬೆನ್ನಿಗೇ ಅಂಟಿಸಿರುತ್ತಾರೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಯಾರಾದರೂ ಒಳಬರಬಹುದು. ಆದ್ದರಿಂದ ಈ ದಾರಿಯಲ್ಲಿ ಬಂದವರಿಗೆ ಪೂರ್ತಿ ಜಾಲ ತೆರೆಯಬಾರದು: ಪ್ರಿಂಟರಿಗೆ ಪ್ರಿಂಟ್ ಸರ್ವರಿನಿಂದ 9100 ಪೋರ್ಟ್, ಕ್ಯಾಮೆರಾಕ್ಕೆ ರೆಕಾರ್ಡರ್ ಮಾತ್ರ, ಹಾಜರಾತಿ ಯಂತ್ರಕ್ಕೆ ಅದರ ಸರ್ವರ್ ಮಾತ್ರ. ಪಟ್ಟಿಯ ಪ್ರತಿ ಸಾಲಿಗೂ ಒಬ್ಬ ಹೊಣೆಗಾರ, ಒಂದು ಕೊನೆಯ ದಿನಾಂಕ ಇರಲಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನುಗಳು ಬದಲಿ ಮ್ಯಾಕ್ ತೋರಿಸುವುದರಿಂದ ಫೋನುಗಳನ್ನು ಹೀಗೆ ಗುರುತಿಸುವ ಪ್ರಯತ್ನವೇ ಬೇಡ.

ರೇಡಿಯಸ್ ಸರ್ವರ್ ಎರಡಿರಬೇಕು, ಎರಡೂ ಸತ್ತರೆ ಪೋರ್ಟ್ ಯಾವ ವಿಲ್ಯಾನಿಗೆ ಹೋಗಬೇಕೆಂದು ಮೊದಲೇ ಬರೆದಿಡಬೇಕು. ಪರೀಕ್ಷೆಗೂ ಮುನ್ನ ಅನ್ವಯಿಸಲು ಪೋರ್ಟಿಗೆ ಎಸಿಎಲ್ (ಏನನ್ನು ಬಿಡಬೇಕೆಂಬ ನಿಯಮಪಟ್ಟಿ) ಹಾಕಿದ್ದರೆ, ಸರ್ವರ್ ಸತ್ತಾಗಲೂ ಅದು ಅಲ್ಲೇ ಉಳಿದು ಎಲ್ಲರನ್ನೂ ತಡೆಯುತ್ತದೆ. ಡೆಸ್ಕ್ ಫೋನುಗಳ ಧ್ವನಿ ವಿಲ್ಯಾನಿಗೆ ಈ ವ್ಯವಸ್ಥೆಯನ್ನು ಬೇರೆಯಾಗಿ ಆನ್ ಮಾಡಬೇಕು. ಎರಡೂ ಸರ್ವರ್‌ಗಳನ್ನು ನಿಜವಾಗಿ ಆಫ್ ಮಾಡಿ ನೋಡದ ಹೊರತು ಇದು ತಿಳಿಯುವುದಿಲ್ಲ. ಸರ್ವರಿನ ಸರ್ಟಿಫಿಕೇಟ್ ಅವಧಿ ಮುಗಿಯುವ ದಿನಕ್ಕೆ 60 ದಿನ ಮೊದಲೇ ಎಚ್ಚರಿಕೆ ಬರುವಂತಿರಲಿ.

ಭಾರತದಲ್ಲಿ ಲಾಗಿಗೆ ಕಾನೂನಿನ ಬಲವೂ ಇದೆ. ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನಗಳ ಲಾಗ್ ಇಡಬೇಕು, ದಾಳಿಯಾದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದಿದೆ. ಯಾವ ಐಪಿ ಆ ಹೊತ್ತಿಗೆ ಯಾವ ಪೋರ್ಟಿನಲ್ಲಿ, ಯಾರ ಹೆಸರಿನಲ್ಲಿತ್ತು ಎಂಬುದನ್ನು, ಸಂಪರ್ಕಗಳ ದಾಖಲೆಯಿಡುವ ರೇಡಿಯಸ್ ಅಕೌಂಟಿಂಗ್ ಹೇಳಬಲ್ಲುದು. ಅದನ್ನು ಪ್ರತ್ಯೇಕವಾಗಿ ಆನ್ ಮಾಡಬೇಕು. ಐಪಿ ಸಿಗುವುದು ಪರೀಕ್ಷೆ ಮುಗಿದ ಮೇಲಾದ್ದರಿಂದ, ನಡುನಡುವೆ ಮಾಹಿತಿ ಕಳಿಸುವ ಇಂಟರಿಮ್ ಅಪ್‌ಡೇಟ್ ಕೂಡ ಬೇಕು.

2024ರ ಜುಲೈಯಲ್ಲಿ ಬ್ಲಾಸ್ಟ್‌ರೇಡಿಯಸ್ ಎಂಬ ದೋಷ ಹೊರಬಂತು. ಸ್ವಿಚ್ ಮತ್ತು ಸರ್ವರ್ ನಡುವೆ ಕೂತವನು ರೇಡಿಯಸ್ ಬಳಸುವ ಹಳೆಯ ಹ್ಯಾಶ್ ವಿಧಾನವಾದ ಎಂಡಿ5ರ ದೌರ್ಬಲ್ಯದಿಂದ 'ಬೇಡ' ಎಂಬ ಉತ್ತರವನ್ನು 'ಬಿಡು' ಎಂದು ತಿದ್ದಬಹುದು. ಇಎಪಿ ಇರುವ ಕಡೆ, ಸಂದೇಶ ತಿದ್ದಿಲ್ಲವೆಂದು ಖಚಿತಪಡಿಸುವ ಮೆಸೇಜ್-ಅಥೆಂಟಿಕೇಟರ್ ಕಡ್ಡಾಯವಾದ್ದರಿಂದ 802.1ಎಕ್ಸ್ ಬಚಾವ್, ಸಿಕ್ಕಿಬಿದ್ದದ್ದು ಮತ್ತೆ ಮ್ಯಾಕ್ ಪಟ್ಟಿಯ ದಾರಿಯಲ್ಲಿ ಬರುವ ಸಾಧನಗಳು. ಮೊದಲು ಸರ್ವರ್, ಆಮೇಲೆ ಸ್ವಿಚ್‌ಗಳನ್ನು ಅಪ್‌ಡೇಟ್ ಮಾಡಿ, ಒಂದೊಂದೇ ಸ್ವಿಚ್‌ಗೆ ಮೆಸೇಜ್-ಅಥೆಂಟಿಕೇಟರನ್ನು ಕಡ್ಡಾಯಗೊಳಿಸುತ್ತ ಹೋಗಬೇಕು. ಒಮ್ಮೆಲೇ ಮಾಡಿದರೆ ಹಳೆಯ ಸ್ವಿಚ್‌ಗಳ ಮೇಲಿನ ಪ್ರಿಂಟರುಗಳೆಲ್ಲ ಕಡಿದುಹೋಗುತ್ತವೆ. ಶಾಖೆಗಳಿಂದ ಬರುವ ರೇಡಿಯಸ್ಸನ್ನು ಐಪಿಸೆಕ್ ಎಂಬ ಗೂಢಲಿಪಿ ಸುರಂಗದೊಳಗೆ, ಇಲ್ಲವೇ ರೇಡಿಯಸ್ಸನ್ನೇ ಗೂಢಲಿಪಿಯಲ್ಲಿ ಕಳಿಸುವ ಟಿಸಿಪಿ 2083ರ ರಾಡ್‌ಸೆಕ್ ಮೇಲೆ ತರಬೇಕು.