ಕೋವಿ ಒದೆಯುವ ಮೊದಲೇ ಹೆಗಲು ಹೆದರಿದರೆ

ಕಾಸರಗೋಡಿನ ಮುಳ್ಳೇರಿಯ ಕಡೆಯ ಹುಡುಗನೊಬ್ಬ ಅಪ್ಪನ ಕೋವಿಯನ್ನು ನನ್ನ ಹತ್ತಿರ ರಿಪೇರಿಗೆ ತಂದಿದ್ದ. ಒಂಟಿ ನಳಿಗೆಯದು, ಹನ್ನೆರಡು ಬೋರು ಅಳತೆಯದು. ಈಡು ಯಾವಾಗಲೂ ಕೆಳಗೆ ಬೀಳುತ್ತದೆ ಎಂದು ದೂರು. ಮಾತಿನ ನಡುವೆ ಮೊಬೈಲಿನಲ್ಲಿ ಅಮೆರಿಕದ ಜಿಂಕೆ ಬೇಟೆಯ ವಿಡಿಯೋ ತೋರಿಸಿದ. "ಅಣ್ಣಾ, ಇಷ್ಟು ಸಣ್ಣ ಗುಂಡಿಗೆ ಜಿಂಕೆ ಬೀಳ್ತದಾ? ಕೋವಿ ಒದೆಯುವುದೇ ಇಲ್ಲ ಅಲ್ವಾ?"

ಬೀಳುತ್ತದೆ. ಅದು 243 ವಿಂಚೆಸ್ಟರ್, 1955ರಲ್ಲಿ ಬಂದ ತೋಟೆ. 308 ಎಂಬ ದಪ್ಪ ಗುಂಡಿನ ತೋಟೆಯ ಕತ್ತು ಕಿರಿದು ಮಾಡಿ ಪಾಯಿಂಟ್ 243 ಇಂಚು, ಅಂದರೆ ಸುಮಾರು 6 ಮಿ.ಮೀ. ದಪ್ಪದ ಗುಂಡು ಕೂರಿಸಿದ್ದಾರೆ. ಜಿಂಕೆಗೆ ಬಳಸುವ ಗುಂಡು ಸಾಮಾನ್ಯವಾಗಿ ಆರೂವರೆ ಗ್ರಾಂ ಆಸುಪಾಸು. ಒದೆತ, ಅಂದರೆ ಗುಂಡು ಹಾರಿದಾಗ ಕೋವಿ ಹೆಗಲಿಗೆ ಕೊಡುವ ಗುದ್ದು, ದೊಡ್ಡ ಗುಂಡಿನ 30-06 ರೈಫಲ್ಲಿನ ಅರ್ಧದಷ್ಟು. ಆದರೆ ಅದೇ ತೋಟೆಯಲ್ಲಿ ನರಿಗಿರಿಗೆಂದು ಮಾಡಿದ ಇನ್ನೂ ಹಗುರದ ಗುಂಡೂ ಸಿಗುತ್ತದೆ. ಅದು ಜಿಂಕೆಯ ಹೆಗಲೆಲುಬಿಗೆ ತಾಗಿದರೆ ಅಲ್ಲೇ ಪುಡಿಯಾಗಬಹುದು. ಪ್ರಾಣಿ ನರಳುತ್ತಾ ಓಡಿಹೋಗುತ್ತದೆ. ಇಂಗ್ಲೆಂಡಿನಲ್ಲಂತೂ 1991ರ ಕಾಯ್ದೆ ದೊಡ್ಡ ಜಿಂಕೆಗಳಿಗೆ ರೈಫಲ್ ಪಾಯಿಂಟ್ 240 ಇಂಚಿಗಿಂತ ಸಣ್ಣದಾಗಬಾರದು ಎನ್ನುತ್ತದೆ. 243 ಕೂದಲೆಳೆಯಲ್ಲಿ ಪಾಸು!

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಜಿಂಕೆ, ಕಡವೆಗೆ ಕೋವಿ ಎತ್ತುವ ಹಾಗೇ ಇಲ್ಲ. ತೋಟಕ್ಕೆ ನುಗ್ಗುವ ಹಂದಿಯಾದರೆ ಕೇರಳದಲ್ಲಿ 2022ರಿಂದ ಪಂಚಾಯತು ಅಧ್ಯಕ್ಷರೇ ಅನುಮತಿ ಕೊಡಬಹುದು.

ಆ ವಿಡಿಯೋದಲ್ಲಿ ಕಲಿಯಬೇಕಾದದ್ದು ಒದೆತದ ವಿಷಯ. ತೋಟೆ ಒಂದೇ ಆದರೂ ಕೋವಿ ಹಗುರವಾದಷ್ಟು ಒದೆತ ಜಾಸ್ತಿ. ಒಂಟಿ ನಳಿಗೆ ಮೊದಲೇ ಹಗುರ, ಹಿಂದೆ ಬರೀ ಮರ. ಎರಡು ಈಡಿಗೆ ಹೆಗಲು ಪಾಠ ಕಲಿಯುತ್ತದೆ. ಮೂರನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಕೈ ನಳಿಗೆಯನ್ನು ಕೆಳಗೆ ಒತ್ತುತ್ತದೆ. ಹೊಡೆದವನಿಗೆ ಇದು ಗೊತ್ತೇ ಆಗುವುದಿಲ್ಲ. ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಆಮೇಲೆ ಕೋವಿ ಸರಿಯಿಲ್ಲ ಎಂದು ನನ್ನ ಹತ್ತಿರ ಬರುತ್ತಾರೆ. ನನಗೇನು, ವ್ಯಾಪಾರ!

ಇದನ್ನು ಹಿಡಿಯುವ ಉಪಾಯ ಸುಲಭ. ಶೂಟಿಂಗ್ ರೇಂಜಿನಲ್ಲಿ ಬೇರೆಯವರು ತೋಟೆ ತುಂಬಿ ಕೊಡಬೇಕು. ಒಮ್ಮೆ ನಿಜದ್ದು, ಒಮ್ಮೆ ಡಮ್ಮಿ, ಅಂದರೆ ಮದ್ದಿಲ್ಲದ ತೋಟೆ. ಹೊಡೆಯುವವನಿಗೆ ಹೇಳಬಾರದು. ಡಮ್ಮಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ, ನಳಿಗೆ ಮಾತ್ರ ಕೆಳಗೆ ಬಗ್ಗುತ್ತದೆ. ಸುತ್ತ ನಿಂತವರೆಲ್ಲ ನಗುತ್ತಾರೆ.

ಹುಡುಗನ ಕೋವಿಗೆ ರಬ್ಬರ್ ಪ್ಯಾಡ್ ಹಾಕಿದೆ. ಪ್ಯಾಡಿನ ದಪ್ಪದಷ್ಟೇ ಮರ ಕೊಯ್ದೆ, ಇಲ್ಲದಿದ್ದರೆ ಕೋವಿ ಉದ್ದವಾಗಿ ಹೆಗಲಿಗೆ ಕೂರುವುದಿಲ್ಲ. ನಳಿಗೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ನೆಟ್ಟಗೇ ಇತ್ತು.