ಯಜಮಾನರು ರಾತ್ರಿಯೆಲ್ಲಾ ಏಳುತ್ತಾರೆ, ನಿದ್ರೆ ಮಾತ್ರೆ ಕೊಡಬಹುದಾ?

ಪ್ರಶ್ನೆ: ಯಜಮಾನರಿಗೆ 68 ವರ್ಷ. ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಮುಂಬಯಿಯ ಪರೇಲ್‌ನಲ್ಲಿ ರೇಡಿಯೇಶನ್ ಆಗಿದೆ. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ಇದೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ನಿದ್ರೆ ಮಾತ್ರೆ ಕೊಡಬಹುದಾ?
- ಓದುಗರು, ಡೊಂಬಿವಲಿ

ಮೆಡಿಕಲ್‌ನಿಂದ ನೀವೇ ತಂದು ಕೊಡಬೇಡಿ. ಹಾರ್ಮೋನ್ ಇಂಜೆಕ್ಷನ್ ಮೂಳೆಯನ್ನು ಸವೆಸುತ್ತದೆ. ಮಾತ್ರೆಯ ಮಂಪರಿನಲ್ಲಿ ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆಗೇ ಪೆಟ್ಟು. ಮೊದಲು ಗೊತ್ತಾಗಬೇಕಾದ್ದು, ಅವರನ್ನು ಎಬ್ಬಿಸುತ್ತಿರುವುದು ಏನು ಅಂತ.

ಮೂತ್ರವೇ ಅಂತ ಖಾತ್ರಿಯಿಲ್ಲ. ಆ ಇಂಜೆಕ್ಷನ್ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರೋನ್ ತಗ್ಗಿಸುತ್ತದೆ. ಆಗ ಮುಟ್ಟು ನಿಂತ ಹೆಂಗಸರಿಗೆ ಬರುವಂಥ ಬಿಸಿ ಗಂಡಸರಿಗೂ ಬರುತ್ತದೆ. ಕುತ್ತಿಗೆ, ಎದೆ ಕಾದು, ಬನಿಯನ್ ಒದ್ದೆಯಾಗಿ ಎಚ್ಚರವಾಗುತ್ತದೆ. ಹೇಗೂ ಎದ್ದೆನಲ್ಲ, ಸುಮ್ನೆ ಹೋಗಿಬರೋಣ ಅಂತ ಬಚ್ಚಲಿಗೆ ನಡೆಯುತ್ತಾರೆ. ಮುಂಬಯಿಯಲ್ಲಿ ಇದನ್ನು ಊರಿನ ಶೆಕೆಯ ತಲೆಗೆ ಕಟ್ಟಿಬಿಡುವುದು ಸುಲಭ. ಡಾಕ್ಟರ ಮುಂದೆ ಹೇಳಲು ಗಂಡಸರಿಗೆ ನಾಚಿಕೆ ಬೇರೆ! ಹೇಳಿದರೆ ಮದ್ದಿದೆ. ಇಂಜೆಕ್ಷನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮೂರು ದಿನ ಒಂದು ಲೆಕ್ಕ ಇಡಿ. ಎಂಎಲ್ ಗೆರೆಯಿರುವ ಪ್ಲಾಸ್ಟಿಕ್ ಮಗ್ ಬಚ್ಚಲಲ್ಲೇ ಇರಲಿ. ಹಗಲು, ರಾತ್ರಿ ಎರಡೂ ಹೊತ್ತು ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು ಅಂತ ಬರೆಯಿರಿ. ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರ ರಾತ್ರಿಯ ಲೆಕ್ಕಕ್ಕೆ ಸೇರಬೇಕು. ಪ್ರತಿ ಸಲ ಸ್ವಲ್ಪವೇ ಹೋದರೆ, ರೇಡಿಯೇಶನ್ನಿಂದ ಮೂತ್ರಕೋಶ ಕೆರಳಿರಬಹುದು. ಇಡೀ ದಿನದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಹೋದರೆ ಕಥೆ ಬೇರೆ. ಹಗಲೆಲ್ಲಾ ಕಾಲಲ್ಲಿ ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಪಾದ ಊದಿದ್ದರೆ ಡಾಕ್ಟರಿಗೆ ತೋರಿಸಿ. ಸಂಜೆ ಸ್ವಲ್ಪ ಹೊತ್ತು ಕಾಲು ಎತ್ತರಕ್ಕಿಟ್ಟರೆ ಅನುಕೂಲ. ರಾತ್ರಿಯ ಚಹಾ ಬಿಡಲಿ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಜಾಸ್ತಿ; ಇದನ್ನು ನೀವೇ ಗಮನಿಸಬೇಕು, ಅವರಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ಓಪಿಡಿಗೆ ಆ ಚೀಟಿ, ಎಲ್ಲಾ ಮಾತ್ರೆಗಳ ಪಟ್ಟಿ ಒಯ್ಯಿರಿ. ಅದರಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇದ್ದರೆ ಬೆಳಗ್ಗೆಯೇ ತೆಗೆದುಕೊಳ್ಳಬಹುದಾ ಅಂತ ಕೇಳಿ, ಅದು ನಿದ್ರೆ ಕೆಡಿಸುತ್ತದೆ. ಮೂತ್ರ ಕಟ್ಟಿದರೆ, ಅದರಲ್ಲಿ ರಕ್ತ ಕಂಡರೆ, ಜ್ವರ ಬಂದರೆ ತಾರೀಖಿಗೆ ಕಾಯಬೇಡಿ.

ಪಿಎಸ್‌ಎ, ಅಂದರೆ ಪ್ರೊಸ್ಟೇಟ್ ಕ್ಯಾನ್ಸರ್ ಮೇಲೆ ಕಣ್ಣಿಡುವ ರಕ್ತಪರೀಕ್ಷೆ, ಹತ್ತಿರ ಬಂದಾಗ ನಿದ್ರೆ ಹಾರುವುದೂ ಉಂಟು. ತಿಂಗಳುಗಟ್ಟಲೆ ನಿದ್ರೆ ಇಲ್ಲದವರಿಗೆ ಮೊದಲ ಚಿಕಿತ್ಸೆ ಸಿಬಿಟಿ-ಐ, ಅಂದರೆ ಮಲಗುವ ಅಭ್ಯಾಸ ತಿದ್ದುವ ಪದ್ಧತಿ. ಎಚ್ಚರವಾಗಿ ಹೊರಳಾಡುವ ಬದಲು ಹಾಸಿಗೆ ಬಿಟ್ಟು ಏಳಬೇಕು, ತೂಕಡಿಕೆ ಬಂದಾಗಲೇ ಮರಳಬೇಕು. ಮನೆ ಒಂದೇ ಕೋಣೆಯದ್ದಾದರೆ ಕಿಟಕಿ ಪಕ್ಕ ಒಂದು ಕುರ್ಚಿ ಸಾಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು.